ಬಹರೈನಿನಲ್ಲಿ ಬೆಳಗು ಮಾಡಲು ಹೋದದ್ದು

ಹಿರಿಯಡ್ಕ

ನಾನು ಬಹರೈನಿಗೆ ಹೋದದ್ದು ಒಂದು ಸೂರ್ಯೋದಯ ಮಾಡಿ ಬರುವುದಕ್ಕೆ. ಅಲ್ಲಿ ಅದಕ್ಕೆ ಕೊರತೆ ಇದೆಯೆಂದಲ್ಲ. ನಮ್ಮ ತುಳು ನಾಟಕದ ಕೊನೆಯ ದೃಶ್ಯದಲ್ಲಿ, ಕಡಲಿಗೆ ಹೋದ ಮಗನನ್ನು ಕಾಯುತ್ತಾ ತಾಯಿಯೊಬ್ಬಳು ದಡದಲ್ಲಿ ನಿಂತಿರುತ್ತಾಳೆ. ಕತ್ತಲೆ ಕಳೆದು ನಿಧಾನವಾಗಿ ಬೆಳಗಾಗುತ್ತದೆ. ಆ ಬೆಳಗು ಮಾಡುವವನು ನಾನು. ಉಳಿದಂತೆ ಹಿರಿಯಡ್ಕದಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ. ಮನೆ ಕುಕ್ಕುಂದೂರು. ವಯಸ್ಸು ಐವತ್ತೆರಡು. ಹವ್ಯಾಸ, ಚಿಂತೆ.

ನನ್ನ ಲೈಟಿನ ಬೋರ್ಡು ಒಂದು ತಗಡಿನ ಟ್ರಂಕಿನೊಳಗೆ ಕೂತಿದೆ. ಹನ್ನೆರಡು ಸ್ಲೈಡರುಗಳು. ಮೇಲೆ ತಳ್ಳಿದರೆ ಬೆಳಕು, ಕೆಳಗೆಳೆದರೆ ಕತ್ತಲೆ. ಇದಕ್ಕಿಂತ ಹೆಚ್ಚಿನ ತತ್ತ್ವ ಅದರಲ್ಲಿಲ್ಲ. ಏಳನೆಯದು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಹೆಬ್ಬೆರಳಿನಿಂದ ಅದರ ಮನ ಒಲಿಸಬೇಕು. ಹತ್ತೊಂಬತ್ತು ವರ್ಷಗಳಿಂದ ಇದೇ ನಾಟಕ, ಇದೇ ಟ್ರಂಕು. ಎಲ್ಲೂರಿನ ಗದ್ದೆಯಲ್ಲಿ, ಕಾಪುವಿನ ಶಾಲೆಯ ಮೈದಾನದಲ್ಲಿ, ಕಾರ್ಕಳದ ಸಭಾಭವನದಲ್ಲಿ, ಎಲ್ಲ ಕಡೆಯೂ ಬೆಳಗು ಮಾಡಿ ಮುಗಿಸಿದ್ದೇನೆ.

ಬಹರೈನಿನ ಊರವರ ಸಂಘ ನಾಟಕಕ್ಕೆ ಕರೆಯಿತು. ಜೊತೆಗೆ ಅಲ್ಲಿಯ ಸಭಾಂಗಣದ ಒಂದು ಫಾರಮು ಬಂತು. ತಂಡದ ಯಜಮಾನರು ಕಾಪುವಿನ ವಿಠಲಣ್ಣ. ಫಾರಮು ತುಂಬಿಸಿ ಕಳಿಸಿದ ಮೇಲೆ ನನಗೆ ಫೋನು ಮಾಡಿದರು. ನಮ್ಮೊಳಗಿನ ಮಾತೆಲ್ಲ ತುಳು. ಓದುವವರಿಗಾಗಿ ಕನ್ನಡಕ್ಕೆ ತಂದಿದ್ದೇನೆ.

"ಸುಧಾಕರ, ಅಲ್ಲಿಯದು ಕಂಪ್ಯೂಟರಿನ ಬೋರ್ಡಂತೆ. ಪ್ರೋಗ್ರಾಮ್ ಮಾಡಲು ಬರುತ್ತದಾ ಎಂದು ಕೇಳಿದ್ದರು. ಬರುತ್ತದೆ ಎಂದು ಬರೆದೆ."

"ನನಗೆ ಬರುವುದಿಲ್ಲವಲ್ಲ ವಿಠಲಣ್ಣ!"

"ಅಷ್ಟೆಲ್ಲ ಬರೆಯಲು ಜಾಗ ಎಲ್ಲಿತ್ತು ಮಾರಾಯ?"

"ಬರದಿದ್ದರೆ ಎಂತ ಮಾಡುತ್ತಾರಂತೆ?"

"ಬಿಳಿ ಲೈಟು ಹಾಕಿ ಬಿಡುತ್ತಾರಂತೆ. ಮೊದಲಿನಿಂದ ಕೊನೆಯವರೆಗೆ ಅದೊಂದೇ. ನೀನು ಎಂತಕ್ಕೆ ಹೆದರುವುದು? ಮೋಟಾರು ಕಟ್ಟುವವನಿಗೆ ಒಂದು ಬೋರ್ಡಾ ದೊಡ್ಡದು!"

ಆ ವಾರವೇ ಮಣಿಪಾಲಕ್ಕೆ ಹೋದೆ. ಅಲ್ಲಿಯ ಒಂದು ಸಭಾಂಗಣದಲ್ಲಿ ಅಂಥ ಬೋರ್ಡು ಉಂಟೆಂದು ಕೇಳಿದ್ದೆ. ಅಲ್ಲಿಯವರು ಬಹಳ ಸಜ್ಜನರು, ಗಾಜಿನ ಕಿಟಕಿಯ ಹೊರಗಿನಿಂದ ತೋರಿಸಿದರು. ಹತ್ತು ನಿಮಿಷ ನೋಡಿದೆ. ಕಪ್ಪಗಿತ್ತು. ಅಷ್ಟು ಕಲಿತುಕೊಂಡು ಬಸ್ಸು ಹತ್ತಿದೆ.

ಬಿಳಿ ಲೈಟಾದರೆ ಬಿಳಿ ಲೈಟು ಎಂದು ನಾನು ಕೈಚೆಲ್ಲುತ್ತಿದ್ದೆನೋ ಏನೋ. ಆದರೆ ಮರುದಿನ ಲಲಿತಕ್ಕ ಅಂಗಡಿಗೆ ಬಂದರು. ಬೆಳಿಗ್ಗೆ ಹಿರಿಯಡ್ಕದಲ್ಲಿ ಮೀನು ಮಾರುವ ಲಲಿತಕ್ಕನೇ ನಮ್ಮ ನಾಟಕದ ಆ ತಾಯಿ. ಅವರ ತಂಗಿ ಸರೋಜ ಬಹರೈನಿನಲ್ಲಿ ಒಂದು ಮನೆಯ ಅಡುಗೆಗೆ ಇದ್ದಾಳೆ. ಆ ಮನೆಯವರು ಸೆಕೆಗೆ ಹೆದರಿ ಊರು ಬಿಡುವುದು ಜೂನ್, ಜುಲೈಯಲ್ಲಿ. ಸರೋಜಳಿಗೆ ರಜೆಯೂ ಆಗಲೇ. ನಮ್ಮಲ್ಲಿ ಆಗ ಜಡಿಮಳೆ, ನಾಟಕದ ಸಾಮಾನೆಲ್ಲ ಅಟ್ಟದಲ್ಲಿ. ಹಾಗಾಗಿ ಅಕ್ಕನ ಪಾರ್ಟನ್ನು ಆಕೆ ಒಮ್ಮೆಯೂ ನೋಡಿದವಳಲ್ಲ.

"ಜನ ಅತ್ತರು ಎಂದು ನಾನು ಫೋನಿನಲ್ಲಿ ಹೇಳುವುದು, ಅವಳು ನಗುವುದು," ಎಂದರು ಲಲಿತಕ್ಕ. "'ನೀನು ಸುಮ್ಮನೆ ನಿಂತರೆ ಜನ ಎಂತಕ್ಕೆ ಅಳುವುದು ಅಕ್ಕ? ಮೀನಿನ ರೇಟು ಹೇಳಿದೆಯಾ?' ಎಂದು ಕೇಳುತ್ತಾಳೆ. ಈ ಸಲ ತೋರಿಸಿಯೇ ಬಿಡಬೇಕು. ಸುಧಾಕರಣ್ಣ, ನನಗೆ ಆ ಸೀನಿನಲ್ಲಿ ಒಂದು ಮಾತೂ ಇಲ್ಲ. ನಿಮ್ಮ ಬೆಳಗು ಸರಿ ಆಗದಿದ್ದರೆ ನಾನು ಬಸ್ಸಿಗೆ ಕಾದ ಹಾಗೆ ಕಾಣುತ್ತದೆ."

ಅಂದಿನಿಂದ ನನ್ನ ಚಿಂತೆಗೆ ಒಂದು ವಿಳಾಸ ಸಿಕ್ಕಿತು. ನನ್ನ ಹೆಂಡತಿ ಶೋಭಾ ಸೂಟ್‌ಕೇಸು ಕಟ್ಟುತ್ತಾ, "ನೀವು ಇಷ್ಟು ಹೆದರಿದರೆ ತೂಕ ಹೆಚ್ಚಾಗುತ್ತದೆ, ವಿಮಾನದಲ್ಲಿ ಬಿಡುವುದಿಲ್ಲ," ಎಂದಳು.

ಬಜಪೆ, ಆಕಾಶ, ಕಸ್ಟಮ್ಸ್

ಬಜಪೆ ವಿಮಾನ ನಿಲ್ದಾಣದಲ್ಲಿ ನನ್ನ ಅಂಗಿಯ ಜೇಬಿನಿಂದ ಟೆಸ್ಟರನ್ನು ತೆಗೆದುಕೊಂಡರು. ಮೂವತ್ತು ವರ್ಷಗಳಿಂದ ಅದು ಅಲ್ಲೇ ಇರುವುದು. ಮದುವೆಯ ಫೋಟೋದಲ್ಲೂ ಇದೆ. "ಇದು ಆಯುಧ," ಎಂದರು. ಇಷ್ಟು ವರ್ಷ ನಾನು ಆಯುಧಪಾಣಿಯಾಗಿ ಓಡಾಡುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ವಿಮಾನ ಏರುವಾಗ ರೆಕ್ಕೆಯ ತುದಿಯಲ್ಲಿ ಒಂದು ಬಲ್ಬು ಮಿನುಗುತ್ತಿತ್ತು. ಲೂಸ್ ಕನೆಕ್ಷನ್ ಎಂದು ನನಗೆ ಖಾತ್ರಿಯಾಯಿತು. ಪಕ್ಕದಲ್ಲಿದ್ದ ಜಯಣ್ಣನಿಗೆ ಹೇಳಿದೆ. ಜಯಣ್ಣ ನಮ್ಮ ನಾಟಕದ ಹಾಸ್ಯಗಾರ, ಮದುವೆ ದಲ್ಲಾಳಿಯ ಪಾರ್ಟು.

"ಅದು ಮಿನುಗುವುದಕ್ಕೇ ಇರುವುದು ಮಾರಾಯ," ಎಂದ.

"ಇಷ್ಟು ಮಿನುಗುವುದಾ?"

"ಹೋಗಿ ಸರಿ ಮಾಡಿ ಬಾ ಹಾಗಾದರೆ. ಬಾಗಿಲು ಅಲ್ಲಿ ಉಂಟು."

ಬಹರೈನಿನ ಕಸ್ಟಮ್ಸಿನಲ್ಲಿ ನನ್ನ ಬಣ್ಣದ ಜೆಲಾಟಿನ್ ಹಾಳೆಗಳ ಸುರುಳಿ ಸಿಕ್ಕಿಬಿತ್ತು. ಲೈಟಿನ ಮುಂದೆ ಕಟ್ಟುವ ಹಾಳೆ, ಕೆಂಪು, ನೀಲಿ, ಅರಶಿನ. ಅಧಿಕಾರಿ ಅರಶಿನದ್ದನ್ನು ಬಿಡಿಸಿ ಕಣ್ಣಿಗೆ ಹಿಡಿದು ನನ್ನನ್ನು ನೋಡಿದ. ನಗು ಬಂತು. ಪಕ್ಕದ ಕೌಂಟರಿನವನನ್ನು ಕರೆದು ತೋರಿಸಿದ. ಅವನು ನೀಲಿಯಲ್ಲಿ ನೋಡಿದ, ಇನ್ನೊಬ್ಬ ಬಂದು ಕೆಂಪಿನಲ್ಲಿ ನೋಡಿದ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಎಲ್ಲ ಬಣ್ಣದಲ್ಲೂ ನಾನು ನಿರಪರಾಧಿಯಾಗಿಯೇ ಕಂಡಿರಬೇಕು, ಬಿಟ್ಟರು.

ಗುರುವಾರ, ಸಭಾಂಗಣ

ಸಭಾಂಗಣ ಎಷ್ಟು ಶುಚಿಯಾಗಿತ್ತೆಂದರೆ ವಿಠಲಣ್ಣ ಚಪ್ಪಲಿ ಹೊರಗೆ ಬಿಟ್ಟು ಬಂದರು. ಲೈಟಿನ ಉಸ್ತುವಾರಿ ಮಾರಿಸೆಲ್ ಎಂಬಾಕೆಯದು. ಫಿಲಿಪೀನ್ಸಿನವಳು, ಸುಮಾರು ನಲವತ್ತರ ಪ್ರಾಯ, ನನ್ನ ಭುಜದಷ್ಟು ಎತ್ತರ. ಎಲ್ಲದಕ್ಕೂ ಬಿಳಿ ಟೇಪು ಅಂಟಿಸಿ ಹೆಸರು ಬರೆಯುವುದು ಆಕೆಯ ಅಭ್ಯಾಸ: ವಯರಿಗೆ, ಕುರ್ಚಿಗೆ, ತನ್ನ ನೀರಿನ ಬಾಟಲಿಗೆ. ನಾನು ಎರಡು ನಿಮಿಷ ಅಲುಗದೆ ನಿಂತಾಗ ಒಂದು ತುಂಡು ಟೇಪು ಹರಿದು ನನ್ನ ಅಂಗಿಗೂ ಅಂಟಿಸಿದಳು. 'ಸುಧಾ ಸರ್, ಲೈಟ್'.

ಬೋರ್ಡಿನ ಮುಂದೆ ಕೂರಿಸಿ ವಿವರಿಸಿದಳು. ಒಂದೊಂದು ಹೊತ್ತಿನ ಬೆಳಕನ್ನು ಕಟ್ಟಿ ಅದಕ್ಕೊಂದು ಸಂಖ್ಯೆ ಕೊಟ್ಟು ಉಳಿಸಿಡಬೇಕು. ಅದಕ್ಕೆ ಕ್ಯೂ ಎಂದು ಹೆಸರು. ಎಷ್ಟು ಸೆಕೆಂಡಿನಲ್ಲಿ ಏರಬೇಕು, ಎಷ್ಟು ಸೆಕೆಂಡಿನಲ್ಲಿ ಇಳಿಯಬೇಕು ಎಂದು ಮೊದಲೇ ಬರೆದಿಡಬೇಕು. ನಾಟಕದ ಹೊತ್ತಿಗೆ 'ಗೋ' ಎಂಬ ಗುಂಡಿ ಒತ್ತಿದರಾಯಿತು, ಒಂದಾದ ಮೇಲೊಂದು ಬರುತ್ತದೆ. ಬದಿಯಲ್ಲಿ ಫೇಡರುಗಳ ಒಂದು ಸಾಲೂ ಇತ್ತು, ನಮ್ಮ ಸ್ಲೈಡರಿನ ಶ್ರೀಮಂತ ಸಂಬಂಧಿಕರು. ನಾನು ಅವುಗಳತ್ತ ಆಸೆಯಿಂದ ನೋಡಿದೆ. ಆದರೆ ಫಾರಮಿನಲ್ಲಿ ಬರೆದದ್ದು ನೆನಪಾಗಿ ಮುಖ ಬಿಗಿಮಾಡಿಕೊಂಡೆ.

"ಬೆಳಗು ಎಷ್ಟು ಸೆಕೆಂಡು ಸರ್?" ಎಂದು ಕೇಳಿದಳು.

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಲಲಿತಕ್ಕನ ಹೆಗಲು ನೋಡುತ್ತಾ ನಾನು ಸ್ಲೈಡರು ತಳ್ಳುವುದು. ಹೆಗಲು ಸ್ವಲ್ಪ ಇಳಿದಾಗ ಬೆಳಕು ಸ್ವಲ್ಪ ಏರಬೇಕು. ಜನ ಕೆಮ್ಮುತ್ತಿದ್ದರೆ ನಿಲ್ಲಬೇಕು. ಇದನ್ನು ನನ್ನ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? "ಸೆಕೆಂಡು ರಿಹರ್ಸಲಿನಲ್ಲಿ ಗೊತ್ತಾಗುತ್ತದೆ," ಎಂದು ಗಂಭೀರವಾಗಿ ಹೇಳಿದೆ. ಆಮೇಲೆ ಇನ್ನೊಂದು ಚಿಂತೆ ಹತ್ತಿತು. ಗುಂಡಿಯನ್ನು ನಾನು ತಪ್ಪಿ ಎರಡು ಸಲ ಒತ್ತಿದರೆ? "ಅದು ತಾನಾಗಿಯೇ ಮುಂದೆ ಹೋಗುವ ಹಾಗೆ ಮಾಡಬಹುದಾ?"

"ಮಾಡಬಹುದು ಸರ್. ಆದರೆ ನಟರು ಪ್ರತಿ ಸಲ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಾರಾ?"

"ಹತ್ತೊಂಬತ್ತು ವರ್ಷದಿಂದ ಇದೇ ನಾಟಕ," ಎಂದೆ, ಎದೆಯುಬ್ಬಿಸಿ.

ಆಕೆ ಸ್ಟಾಪ್‌ವಾಚು ತೆಗೆದಳು. ರಿಹರ್ಸಲು ಶುರುವಾಯಿತು.

ನಮ್ಮ ಕಡೆಯ ನಾಟಕದ ರಿಹರ್ಸಲು ನೋಡಿದವರಿಗೆ ಮುಂದಿನದ್ದು ಈಗಲೇ ಗೊತ್ತಾಗಿರಬಹುದು. ಹಳೆಯ ನಾಟಕವಾದರೆ ಯಾರೂ ಪೂರ್ತಿ ಮಾತು ಹೇಳುವುದಿಲ್ಲ. ಪ್ರತಿ ಮಾತಿನ ಕೊನೆಯ ಎರಡು ಶಬ್ದ ಹೇಳಿ, ಕೈಯಲ್ಲಿ ಚಾ ಹಿಡಿದು, ಈ ಬದಿಯಿಂದ ಬಂದು ಆ ಬದಿಗೆ ಹೋಗುವುದು. ಜಯಣ್ಣನಂತೂ ಹಾಸ್ಯದ ಒಂದು ಅಕ್ಷರವನ್ನೂ ಬಾಯಿ ಬಿಡಲಿಲ್ಲ. "ಖಾಲಿ ಕುರ್ಚಿಗೆ ಜೋಕು ಹೇಳಿದರೆ ಜೋಕು ಹಳಸುತ್ತದೆ," ಎನ್ನುವುದು ಅವನ ಸಿದ್ಧಾಂತ. "ಇಲ್ಲಿ ನಾನು ಎಂತದೋ ಹೇಳುತ್ತೇನೆ, ಜನ ನಗುತ್ತಾರೆ, ನಾನು ಹೋಗುತ್ತೇನೆ," ಎಂದು ಹೇಳಿ ಹೋದ. ಲಲಿತಕ್ಕ ದಡದಲ್ಲಿ ನಿಂತು, "ಇಲ್ಲಿ ಬೆಳಗಾಗುವುದು," ಎಂದು ನನಗೆ ಕೈ ತೋರಿಸಿ ಕೆಳಗಿಳಿದರು.

ಎರಡೂಕಾಲು ಗಂಟೆಯ ನಾಟಕ ಮೂವತ್ತೆಂಟು ನಿಮಿಷಕ್ಕೆ ಮುಗಿಯಿತು. ಮಾರಿಸೆಲ್ ಸ್ಟಾಪ್‌ವಾಚಿನ ಲೆಕ್ಕವನ್ನೆಲ್ಲ, ತಾನಾಗಿಯೇ ಮುಂದೆ ಹೋಗುವ ಹಾಗೆ, ಬೋರ್ಡಿಗೆ ತುಂಬಿದಳು. ನಲವತ್ತಮೂರು ಕ್ಯೂ. ನಲವತ್ತೆರಡನೆಯದು ಬೆಳಗು, ಕೊನೆಯದು ಕತ್ತಲೆ. ನಾನು ಕೈ ಕಟ್ಟಿ ಕುಳಿತು ಎಲ್ಲವನ್ನೂ ತಿಳಿದವನಂತೆ ತಲೆಯಾಡಿಸಿದೆ. ಗಡಿಯಾರ ನನ್ನ ಮುಂದೆಯೇ ಇತ್ತು. ಈ ಲೆಕ್ಕ ನಾಳೆಯ ನಾಟಕಕ್ಕೆ ಸಾಲದೆಂದು ಹೊಳೆಯಬೇಕಾಗಿದ್ದ ಮನುಷ್ಯ ನಾನೊಬ್ಬನೇ. ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ, ಕಡಲು

ಸಂಘದವರು ಕಡಲು ತೋರಿಸಲು ಕರೆದೊಯ್ದರು. ಕಾಪುವಿನವರಿಗೆ ಕಡಲು ತೋರಿಸುವುದೇ ಒಂದು ಧೈರ್ಯ. ನೀರು ತಟ್ಟೆಯಲ್ಲಿಟ್ಟ ಹಾಗೆ, ಒಂದು ಅಲೆಯಿಲ್ಲ. "ಇದಕ್ಕೆ ಎಂತ ಹುಷಾರಿಲ್ಲವಾ?" ಎಂದು ವಿಠಲಣ್ಣ ಕೇಳಿದರು. ಲಲಿತಕ್ಕ ಮೀನು ಮಾರ್ಕೆಟಿಗೆ ಹೋಗಬೇಕೆಂದು ಹಟ ಹಿಡಿದರು. ಅಲ್ಲಿ ಒಂದೊಂದು ಮೀನಿನ ಕಿವಿರು ಎತ್ತಿ ನೋಡಿ, ಯಾವುದನ್ನೂ ಕೊಳ್ಳದೆ, ಮಾರುವವರಿಗೆಲ್ಲ ತುಳುವಿನಲ್ಲಿ ಬೈದು ಬಂದರು. ಅವರ ಮುಖ ಆ ದಿನ ಮೊದಲ ಬಾರಿಗೆ ಅರಳಿತ್ತು.

ಮಧ್ಯಾಹ್ನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಊಟ. ಮಾರಿಸೆಲ್ ತನ್ನ ಡಬ್ಬಿಯಿಂದ ಅನ್ನ ಮತ್ತು ಒಣಮೀನು ತೆಗೆದಳು. ಲಲಿತಕ್ಕ ಊರಿನಿಂದ ತಂದ ಒಣಸಿಗಡಿ ಚಟ್ನಿಯನ್ನು ಮಾತಿಲ್ಲದೆ ಆಕೆಯ ಅನ್ನದ ಮೇಲೆ ಸುರಿದರು. ಮಾರಿಸೆಲ್ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ಅಲ್ಲಿಂದಾಚೆಗೆ ಅವರಿಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸಲೀಸಾಗಿ ಮಾತಾಡಿಕೊಂಡರು.

ಅಷ್ಟರಲ್ಲಿ ಸರೋಜಳ ಫೋನು ಬಂತು. ಮನೆಗೆ ನೆಂಟರು ಬಂದಿದ್ದಾರೆ, ಪಾತ್ರೆ ಮುಗಿಸಿ ಬರುತ್ತೇನೆ ಎಂದಳಂತೆ. ಲಲಿತಕ್ಕ ಸಭಾಂಗಣದ ಮೂರನೆಯ ಸಾಲಿಗೆ ಹೋಗಿ, ನಾವು ಕಾರ್ಕಳದ ಬಸ್ಸಿನಲ್ಲಿ ಮಾಡುವ ಹಾಗೆ, ಒಂದು ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಂದರು. "ಇದರಲ್ಲಿ ಯಾರೂ ಕೂರಬಾರದು," ಎಂದು ಸಂಘದ ಕಾರ್ಯದರ್ಶಿಗೆ ಹೇಳಿದರು. ಅವರು ಸೂಟು ಹಾಕಿದವರು. ಆದರೆ ಕರವಸ್ತ್ರದ ಕಾನೂನು ಅವರಿಗೂ ಗೊತ್ತಿತ್ತು.

ಶುಕ್ರವಾರ, ಮೂರು ಗಂಟೆ

ಸಭಾಂಗಣ ತುಂಬಿತು. ನಾನು ಹಿಂಬದಿಯ ಎತ್ತರದ ಕೋಣೆಯಲ್ಲಿ ಮಾರಿಸೆಲ್ ಪಕ್ಕ ಕುಳಿತು ಗುಂಡಿ ಒತ್ತಿದೆ. ಒಂದೇ ಸಲ. ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದು ಕಾಲು ಚಾಚಿದೆ.

ಜಯಣ್ಣ ಛತ್ರಿ ಹಿಡಿದು ಬಂದ. ಬಾಯಿ ತೆರೆಯುವ ಮೊದಲೇ ಜನ ನಕ್ಕರು. ನಕ್ಕರೆ ಜಯಣ್ಣ ಉಬ್ಬುತ್ತಾನೆ. ರಿಹರ್ಸಲಿನಲ್ಲಿ ಇಪ್ಪತ್ತು ಸೆಕೆಂಡಿನ ಪ್ರವೇಶ ನಾಲ್ಕು ನಿಮಿಷವಾದರೂ ಮುಗಿಯಲಿಲ್ಲ. ಆದರೆ ಇಪ್ಪತ್ತೊಂದನೆಯ ಸೆಕೆಂಡಿಗೆ ಬೆಳಕು ಅವನನ್ನು ಬಿಟ್ಟು ವೇದಿಕೆಯ ಆ ತುದಿಯ ಖಾಲಿ ಜಗಲಿಗೆ ಹೋಯಿತು.

ಕತ್ತಲೆಯಲ್ಲಿ ಜಯಣ್ಣನ ಧ್ವನಿ: "ಓ, ಅಲ್ಲಿಗೆ ಬರಬೇಕಾ?" ಓಡಿ ಜಗಲಿಗೆ ಹೋದ. ಮಾತು ಶುರುಮಾಡುವಷ್ಟರಲ್ಲಿ ಬೆಳಕು ಬಾವಿಕಟ್ಟೆಗೆ ಹೋಯಿತು. ಅಲ್ಲಿಗೂ ಓಡಿದ. "ಈ ಊರಿನಲ್ಲಿ ಹೆಣ್ಣು ಸಿಗುವುದು ಸುಲಭ, ಲೈಟು ಸಿಗುವುದು ಕಷ್ಟ ಮಾರಾಯ್ರೇ!" ಜನ ಕುರ್ಚಿ ಬಡಿದು ನಕ್ಕರು. ಇದೂ ನಾಟಕವೇ ಎಂದುಕೊಂಡರು.

ನಾನು ಚಾಚಿದ ಕಾಲು ಮಡಚಿಕೊಂಡೆ. ಮಾರಿಸೆಲ್ ನನ್ನ ಮುಖ ನೋಡಿದಳು. ಅತಿಥಿ ಕೇಳದೆ ಬೋರ್ಡು ಮುಟ್ಟಬಾರದು ಎಂಬುದು ಆಕೆಯ ಶಿಸ್ತು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಿಲ್ಲಿಸುವುದು ಹೇಗೆ ಎಂದು ಕೇಳಿದರೆ ಫಾರಮು ಸುಳ್ಳಾಗುತ್ತದೆ, ಬಿಳಿ ಲೈಟು ಬರುತ್ತದೆ, ಲಲಿತಕ್ಕ ಬಸ್ಸಿಗೆ ಕಾಯುತ್ತಾರೆ. ಕೇಳದಿದ್ದರೆ ಏನಾಗುತ್ತದೆ ಎಂಬುದು ವೇದಿಕೆಯ ಮೇಲೆ ಕಾಣುತ್ತಿತ್ತು. ನಾನು ಬುದ್ಧಿವಂತನಂತೆ ಗಲ್ಲ ಕೆರೆದುಕೊಂಡು ಅರ್ಧ ಗಂಟೆ ಕಳೆದೆ.

ಎರಡನೆಯ ಅಂಕ. ನಡುರಾತ್ರಿ ದಲ್ಲಾಳಿ ಹೆಣ್ಣಿನ ಮನೆಗೆ ಕದ್ದು ನುಗ್ಗುತ್ತಾನೆ, ತಪ್ಪಿ ಕೊಟ್ಟ ಜಾತಕವನ್ನು ವಾಪಸು ಎತ್ತಿಕೊಳ್ಳಲು. ಜಯಣ್ಣ ಮಂಡಿಯೂರಿ ತೆವಳುತ್ತಾ ಬಂದ. ಆಗ ಅವನ ಹಿಂದೆ ನನ್ನ ಬೆಳಗು ಶುರುವಾಯಿತು. ಮೊದಲು ತೆಳು ನೀಲಿ, ಮೆಲ್ಲನೆ ಅರಶಿನ, ಕಡಲಂಚಿನಲ್ಲಿ ಕೆಂಪು. ಸುಳ್ಳು ಹೇಳಬಾರದು, ಬಹಳ ಚೆಂದ ಬಂದಿತ್ತು. ವೇದಿಕೆಯ ಬದಿಯಲ್ಲಿ ಲಲಿತಕ್ಕ ಬಾಯಿಗೆ ಸೆರಗು ಒತ್ತಿ ನಿಂತದ್ದು ಕಾಣಿಸಿತು. ತನ್ನ ಬೆಳಗು ಜಾತಕ ಕಳ್ಳನ ಪಾಲಾಗುವುದನ್ನು ನೋಡುತ್ತಿದ್ದರು.

ಜಯಣ್ಣ ತಲೆಯೆತ್ತಿ ಆಕಾಶ ನೋಡಿದ. ವಾಚು ನೋಡಿದ. "ಇಲ್ಲಿ ಇನ್ನೂ ರಾತ್ರಿ. ಇದು ಊರಿನ ಬೆಳಗು. ಎರಡೂವರೆ ಗಂಟೆ ಮೊದಲು ಬಂದು ಬಿಟ್ಟಿದೆ, ಇಮಿಗ್ರೇಷನಿನಲ್ಲಿ ಯಾರೂ ಹಿಡಿಯಲಿಲ್ಲ!"

ನಗುವಿನ ನಡುವೆ ನಾನು ಪರದೆ ನೋಡಿದೆ. ಮುಂದಿನದು ನಲವತ್ತಮೂರು, ಅಂದರೆ ಕತ್ತಲೆ. ಸಂಖ್ಯೆ ಇಳಿಯುತ್ತಿತ್ತು. ಹದಿನೆಂಟು, ಹದಿನೇಳು.

"ಮಾರಿಸೆಲ್, ನನಗೆ ಈ ಬೋರ್ಡು ಬರುವುದಿಲ್ಲ."

"ಗೊತ್ತು ಸರ್."

"ಯಾವಾಗಿನಿಂದ?"

"ನಿನ್ನೆ ಎರಡು ಗಂಟೆ ಹತ್ತು ನಿಮಿಷದಿಂದ." ಒಂದು ಗುಂಡಿ ಒತ್ತಿದಳು, ಎಣಿಕೆ ಒಂಬತ್ತಕ್ಕೆ ನಿಂತಿತು. ಆಮೇಲೆ ಆಕೆಯ ಬೆರಳುಗಳು ಪರದೆಯ ಮೇಲೆ ಮಿಡತೆಯಂತೆ ಹಾರಿದವು. ಜಗಲಿ ಇಲ್ಲಿ, ಬಾವಿ ಇಲ್ಲಿ, ನೀಲಿ ಇಲ್ಲಿ, ಕೆಂಪು ಇಲ್ಲಿ. ಒಂದೊಂದು ಬೆಳಕನ್ನು ಒಂದೊಂದು ಫೇಡರಿಗೆ ಕಟ್ಟಿ, ಕೆಳಗೆ ಟೇಪು ಅಂಟಿಸಿ ಹೆಸರು ಬರೆದಳು. ಕುರ್ಚಿ ಹಿಂದೆ ಸರಿಸಿದಳು. "ಈಗ ನಿಮಗೆ ಬರುತ್ತದೆ ಸರ್."

ಬಂತು. ಫೇಡರುಗಳು ಬೆಣ್ಣೆಯ ಹಾಗೆ ಜಾರುತ್ತಿದ್ದವು. ಮೊದಲ ಸಲ ತಳ್ಳಿದಾಗ ಮುಸ್ಸಂಜೆ ಆಗಬೇಕಾದ್ದು ಮಟಮಟ ಮಧ್ಯಾಹ್ನವಾಯಿತು. ಆಮೇಲೆ ಕೈ ಹದಕ್ಕೆ ಬಂತು. ಜಯಣ್ಣ ಎಷ್ಟು ಉಬ್ಬಿದರೂ ಬೆಳಕು ಅವನ ಮೇಲೆಯೇ ನಿಂತಿತು. ಬೆಳಕಿಗೆ ಓಡುವುದು ತಪ್ಪಿದ ಮೇಲೆ ಅವನಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಕೊನೆಯ ದೃಶ್ಯ. ಲಲಿತಕ್ಕ ದಡಕ್ಕೆ ಬಂದು ನಿಂತರು. ನಾನು ಅವರ ಹೆಗಲು ನೋಡುತ್ತಾ ನೀಲಿಯನ್ನು ಮೇಲೇರಿಸಿದೆ. ಎಂಟು ನಿಮಿಷ. ಒಬ್ಬರೂ ಕೆಮ್ಮಲಿಲ್ಲ. ಕೆಂಪು ಪೂರ್ತಿ ಏರಿದಾಗ ಮುಂದಿನ ಸಾಲಿನಲ್ಲಿ ಮೂಗು ಸೆಳೆಯುವ ಸದ್ದು ಕೇಳಿತು. ಮೂರನೆಯ ಸಾಲಿನಲ್ಲಿ ಕರವಸ್ತ್ರ ಮಾತ್ರ ಹಾಸಿದ ಹಾಗೆಯೇ ಇತ್ತು.

ಚಪ್ಪಾಳೆ ಬಿತ್ತು. ಮಾರಿಸೆಲ್ ನಾಟಕ ಮುಗಿಯಿತೆಂದು ಸಭಾಂಗಣದ ದೀಪ ಏರಿಸಿದಳು. ಅದೇ ಹೊತ್ತಿಗೆ ಹಿಂದಿನ ಬಾಗಿಲು ತೆರೆದು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚಪ್ಪಲಿ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಒಳಗೆ ಬಂದಳು.

"ಸರೋಜಾ!" ವೇದಿಕೆಯ ಮೇಲಿಂದ ಲಲಿತಕ್ಕ ಕೂಗಿದರು. "ಈಗಲಾ ಬರುವುದು ನೀನು?"

ಎಲ್ಲರ ತಲೆಯೂ ಹಿಂದೆ ತಿರುಗಿತು.

"ನೆಂಟರು ಏಳಲೇ ಇಲ್ಲ ಅಕ್ಕ! ಮುಗಿಯಿತಾ?"

"ಮುಗಿಯಿತು."

"ಹಾಗಾದರೆ ನಾನು ಎಂತ ನೋಡುವುದು?"

ಜಯಣ್ಣ ಅರ್ಧ ವೇಷ ಕಳಚಿಕೊಂಡು ವೇದಿಕೆಗೆ ಬಂದ. "ಮಾರಾಯ್ರೇ, ಕೊನೆಯ ಸೀನು ಇನ್ನೊಮ್ಮೆ ಮಾಡಿದರೆ ಯಾರಿಗಾದರೂ ತೊಂದರೆ ಉಂಟಾ? ಮನೆಯಲ್ಲಿ ನೆಂಟರಿರುವವರು ಕೈ ಎತ್ತಿ." ಯಾರೂ ಎತ್ತಲಿಲ್ಲ. ಎದ್ದು ನಿಂತವರೂ ಕುಳಿತರು.

ವೇದಿಕೆಯ ಬದಿಯಿಂದ ವಿಠಲಣ್ಣ ನನ್ನತ್ತ ವಾಚು ತೋರಿಸಿ ಕೈ ಅಡ್ಡ ಆಡಿಸಿದರು. ಆರು ಗಂಟೆಗೆ ಸಭಾಂಗಣ ಬಿಟ್ಟುಕೊಡಬೇಕು, ಸಂಘದವರಿಗೆ ಕೆಟ್ಟ ಹೆಸರು ಬರುತ್ತದೆ, ಇನ್ನು ಕರೆಯುವುದಿಲ್ಲ. ಇದೆಲ್ಲ ಆ ಕೈಯಲ್ಲಿತ್ತು. ಇಷ್ಟು ಕಾರಣಗಳಿದ್ದರೆ ನಾನು ಸಾಮಾನ್ಯವಾಗಿ ಏಳು ದಿನ ಹೆದರುತ್ತೇನೆ. ಆ ಹೊತ್ತಿಗೆ ಕನ್ನಡಕ ಒರೆಸುವುದಿತ್ತು, ಒರೆಸಿದೆ, ಅವರು ಕಾಣಿಸಲಿಲ್ಲ.

ಫೇಡರುಗಳನ್ನು ಒಂದೊಂದಾಗಿ ಕೆಳಗೆಳೆದೆ. ಸೂರ್ಯ ಕಡಲಿಗೆ ಇಳಿದ. ಮಾರಿಸೆಲ್ ಏನೂ ಕೇಳದೆ ಸಭಾಂಗಣವನ್ನು ಕತ್ತಲೆ ಮಾಡಿದಳು. ಸರೋಜ ಮೂರನೆಯ ಸಾಲಿಗೆ ಹೋಗಿ, ಕರವಸ್ತ್ರ ತೆಗೆದು, ಚೀಲವನ್ನು ಮಡಿಲಲ್ಲಿಟ್ಟು ಕುಳಿತಳು. ಲಲಿತಕ್ಕ ಸೆರಗು ಸರಿಮಾಡಿಕೊಂಡು ಮತ್ತೆ ದಡಕ್ಕೆ ಬಂದು ಕಡಲಿನತ್ತ ಮುಖ ಮಾಡಿದರು.

ನೀಲಿ ಏರುತ್ತಿತ್ತು. ಅರಶಿನಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಮೂರನೆಯ ಸಾಲಿನಿಂದ ಸರೋಜಳ ಧ್ವನಿ ಬಂತು.

"ಅವನು ಬರುತ್ತಾನೆ ಅಕ್ಕ. ಗಾಳಿ ಉಂಟು, ನೀನು ಒಳಗೆ ಹೋಗಿ ಕೂತುಕೋ."

ಯಾರೂ ನಗಲಿಲ್ಲ. ಲಲಿತಕ್ಕ ಅಲುಗಲಿಲ್ಲ, ಹೆಗಲು ಮಾತ್ರ ಒಂದಿಷ್ಟು ಇಳಿಯಿತು. ನಾನು ಅರಶಿನವನ್ನು ಕೂದಲೆಳೆಯಷ್ಟು ಮೇಲೆ ಸರಿಸಿದೆ.